ಮಧ್ಯಾಹ್ನದ ಓದು

ಅತ್ತೆ ಆ ಪುಸ್ತಕವನ್ನು ಎರಡೂ ಕಣ್ಣಿಗೆ ಒತ್ತಿಕೊಂಡು ಗೂಡಿನಲ್ಲಿ, ಕುರಾನಿನ ಪಕ್ಕ ಇಟ್ಟರು. ನಾನು ನೋಡುತ್ತ ನಿಂತಿದ್ದೆ. ಅದು ಪಿಯಾನೋದ ಪುಸ್ತಕ.

ಅವರು ಅಡುಗೆಮನೆಗೆ ಹೋದ ಮೇಲೆ ಅವಸರದಿಂದ ಅದನ್ನು ತೆಗೆದು ನನ್ನ ಟ್ರಂಕಿನಲ್ಲಿ ಹಾಕಿದೆ. ತಪ್ಪಾಯಿತು ಅಂತ ಕುರಾನನ್ನು ಮುಟ್ಟಿ ಕೈಯನ್ನು ಕಣ್ಣಿಗೆ ಹಚ್ಚಿಕೊಂಡೆ. ಅತ್ತೆಗೆ ಏನೂ ಹೇಳಲಿಲ್ಲ. ಅವತ್ತೇ ಹೇಳಿದ್ದರೆ ಅದು ಅಲ್ಲಿಗೇ ಮುಗಿಯುತ್ತಿತ್ತು.

ನನ್ನ ಗಂಡ ನವಾಜ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ಬಾರಿಸುತ್ತಿದ್ದ. ಲಗ್ನದ ಸೀಸನ್ನಿನಲ್ಲಿ ರೋಣ, ನರಗುಂದ, ಕುಷ್ಟಗಿ ಅಂತ ತಿರುಗಾಟ. ಈ ಸಲ ನರಗುಂದದ ಕಾರ್ಯಕ್ರಮ ಮುಗಿಸಿ ನಮ್ಮೂರು ಗಜೇಂದ್ರಗಡಕ್ಕೆ ಬರುವಾಗ, ಜಕ್ಕಲಿ ಹತ್ತಿರ, ರಸ್ತೆಯಲ್ಲಿ ಕೆಟ್ಟು ನಿಂತ ಗೋವಿನಜೋಳದ ಟ್ರ್ಯಾಕ್ಟರಿಗೆ ಅವನ ಬೈಕು ಬಡಿಯಿತು. ಟ್ರ್ಯಾಕ್ಟರಿಗೆ ಹಿಂದಿನ ದೀಪ ಇರಲಿಲ್ಲ. ಕೀಬೋರ್ಡು ಅವನ ಜೊತೆಗಾರ ಸಾಜೀದನ ಟೆಂಪೋದಲ್ಲಿ ಹಿಂದೆ ಬರುತ್ತಿತ್ತು. ಅದಕ್ಕೆ ಏನೂ ಆಗಲಿಲ್ಲ. ಈಗ ಪಡಸಾಲೆಯ ಮೂಲೆಯಲ್ಲಿ ಹಾಸಿಗೆಯ ಚಾದರ ಸುತ್ತಿಕೊಂಡು ನಿಂತಿದೆ.

ಅವನು ತೀರಿಕೊಂಡ ಮೂರನೆಯ ದಿನದ ಫಾತಿಹಾ ಪ್ರಾರ್ಥನೆಗೆ ನರಗುಂದದಿಂದ ಅತ್ತೆಯ ಅಕ್ಕ ಬಂದಿದ್ದರು. ಹೆಂಗಸರೆಲ್ಲ ಕುಳಿತಿದ್ದಾಗ, ಯಾರೂ ಕೇಳದಿದ್ದರೂ ಅತ್ತೆಗೆ ಅಂದರು:

"ಬಾಜಾ ಬಾರಿಸಿ ಬರೂವಾಗ ಹೋದ, ಚಮನಬಿ. ಬಾಯಾಗ ಕಲಿಮಾ ಬಂತೋ ಸಿನಿಮಾ ಹಾಡು ಇತ್ತೋ, ಅಲ್ಲಾಗ ಗೊತ್ತು."

ಕೊನೆಯುಸಿರಿನಲ್ಲಿ ಕಲಿಮಾ, ಅಲ್ಲಾಹನ ಹೆಸರಿನ ಆ ಮಾತು, ಬಾಯಲ್ಲಿರಬೇಕು ಅನ್ನುತ್ತಾರೆ ನಮ್ಮಲ್ಲಿ. ಅತ್ತೆ ಅವತ್ತಿನಿಂದ ನಿದ್ದೆ ಮಾಡಲಿಲ್ಲ. ಮಲಗುತ್ತಿದ್ದರು, ಕಣ್ಣು ಮುಚ್ಚುತ್ತಿರಲಿಲ್ಲ. ಅನ್ನ ಬೇಯುತ್ತಿದ್ದಾಗ ಒಲೆಯ ಮುಂದೆ ಕುಳಿತು, "ಕಲಿಮಾ ಬಂದಿರಬೇಕು ತಗೋ. ಸಣ್ಣಾಂವ ಇದ್ದಾಗನ ಕಲಿಸೀನಿ" ಅಂತ ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಆಮೇಲೆ ನನ್ನನ್ನು ಕೇಳುತ್ತಿದ್ದರು. "ಬಂದಿರತೈತಿ, ಹೌದಿಲ್ಲೋ?" ನಾನು ಹೌದು ಅನ್ನುತ್ತಿದ್ದೆ.

ಪುಸ್ತಕಗಳನ್ನು ತಂದುಕೊಟ್ಟವರು ನಿರ್ಮಲಾ ಮೇಡಂ. ರೋಣದ ಕಾಲೇಜಿನಲ್ಲಿ ನನಗೆ ಪಾಠ ಹೇಳಿದವರು. ಪಿಯಾನೋ ಅಂದರೆ ಅವರಿಗೆ ಹುಚ್ಚು. ಊರಿನಲ್ಲಿ ಒಂದೂ ಪಿಯಾನೋ ಇಲ್ಲ, ಮನೆಯಲ್ಲಿ ಧ್ವನಿಮುದ್ರಿಕೆಗಳು, ಪುಸ್ತಕಗಳು. ನನ್ನನ್ನು ಮಾತಾಡಿಸಲು ಬಂದಾಗ ಸಮಾಧಾನದ ಮಾತು ಒಂದನ್ನೂ ಆಡಲಿಲ್ಲ. ಚಾದರ ಸುತ್ತಿದ ಕೀಬೋರ್ಡನ್ನು ನೋಡಿದರು, ಚಹಾ ಕುಡಿದು ಹೋದರು. ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೇ ಕೂರುವ ಇದ್ದತ್ತಿನಲ್ಲಿ ನಾನಿದ್ದೆ. ಮರುವಾರ ಮತ್ತೆ ಬಂದು ಒಂದು ಕೈಚೀಲ ಕೊಟ್ಟರು.

"ಇದ್ದತ್ತಿನಾಗ ಹಾಡು ಕೇಳೂ ಹಂಗಿಲ್ಲ ಅಂದಿ. ಓದಾಕ ಅಡ್ಡಿ ಇಲ್ಲಲ್ಲ?"

"ಇಲ್ರಿ ಮೇಡಂ."

"ಹಂಗಾರ ಕೇಳು. ಮೊದಲು ಈ ತೆಳ್ಳಗಿಂದು. ಪಿಯಾನೋ ಶ್ರುತಿ ಮಾಡಾಂವ ಒಬ್ಬ ಬರದಾನ, ಕನ್ನಡಕ್ಕ ಚಲೋ ತಂದಾರ. ಪಿಯಾನೋ ಕಣ್ಣಿಲೆ ಕಾಣದಾವ್ರೂ ಓದಬಹುದು. ಅದು ಹಿಡಿಸಿದ್ರ ಈ ನಡುವಿಂದು. ಒಬ್ಬ ಮುದುಕಿ, ಸಾಲಿ ಹುಡುಗೂರಿಗೆ ಪಿಯಾನೋ ಕಲಿಸೂವಾಗ ಅನುಭವಿಸಿದ್ದು. ನಗಿ ಬರತೈತಿ. ದಪ್ಪಂದು ನಮ್ಮ ಹಿಂದೂಸ್ತಾನಿದು, ಹಾರ್ಮೋನಿಯಂ ಪೇಟಿ ಬಾರಿಸೋರನ್ನ ಗವಾಯಿಗೋಳು ಹ್ಯಾಂಗ ಬೈತಿದ್ರು ಅಂತ ಪೂರಾ ಐತಿ."

"ಅಷ್ಟು ದಪ್ಪನೇನ್ರಿ ಬೈಗಳಾ?"

"ಓದಾಕ ಆಗಲಿಲ್ಲಂದ್ರ ತಲಿಗಿಂಬು ಮಾಡ್ಕೋ. ಆದ್ರ ಮೊದಲ ಅದಕ್ಕ ಕೈ ಹಾಕಬ್ಯಾಡ. ಭಾಳ ಮಂದಿ ಅಲ್ಲೇ ಕೆಟ್ಟಾರ."

ನವಾಜ ಹೋದ ಮೇಲೆ ನನ್ನ ಬಾಯಿಂದ ಬಂದ ಮೊದಲ ಚೇಷ್ಟೆ ಆ ಬೈಗಳದ ಮಾತು. ಒಳಗೆ ಅತ್ತೆ ಪಾತ್ರೆ ಇಟ್ಟ ಸದ್ದು ಕೇಳಿ ನಾಲಿಗೆ ಕಚ್ಚಿಕೊಂಡೆ.

ತೆಳ್ಳಗಿನ ಪುಸ್ತಕದ ರಟ್ಟಿನ ಮೇಲೆ ಪಿಯಾನೋದ ದೊಡ್ಡ ಚಿತ್ರವಿತ್ತು. ಅತ್ತೆ ನೋಡಿದರೆ ಮಗನ ಬಾಜಾ ಅಂದುಕೊಳ್ಳುತ್ತಾರೆ, ಮತ್ತೆ ಅಕ್ಕನ ಮಾತು ನೆನಪಾಗುತ್ತದೆ. ಹಾಗಾಗಬಾರದು ಅಂತ ಹಸಿರು ಬಟ್ಟೆಯ ಒಂದು ತುಂಡನ್ನು ಹೊಲಿದು ರಟ್ಟಿಗೆ ಹಾಕಿದೆ. ಓದುವುದು ಮಧ್ಯಾಹ್ನ, ಜುಹರಿನ ನಮಾಜು ಮುಗಿದ ಮೇಲೆ. ಆ ಹೊತ್ತಿನಲ್ಲಿ ನನ್ನನ್ನು ಯಾರೂ ಕರೆಯುವುದಿಲ್ಲ. ತಲೆಯ ಮೇಲಿನ ದುಪಟ್ಟಾ ತೆಗೆಯದೆ, ನಮಾಜಿನ ಹಾಸು, ಜಾನಮಾಜಿನ ಮೇಲೆಯೇ ಹಿಂದಕ್ಕೆ ಸರಿದು ಗೋಡೆಗೆ ಒರಗುತ್ತಿದ್ದೆ. ಓದುವಾಗ ನನ್ನ ತುಟಿಗಳು ಅಲುಗಾಡುತ್ತವೆ. ಸಣ್ಣವಳಿದ್ದಾಗಿನಿಂದ ಅದು ರೂಢಿ, ಎಂ.ಎ. ಮುಗಿದರೂ ಹೋಗಿಲ್ಲ.

ಸತ್ತವರ ಹೆಸರಿಗೆ ಓದುವ ಕುರಾನಿನ ಅಧ್ಯಾಯ ಯಾಸೀನ್, ನಮ್ಮ ಮನೆಯಲ್ಲಿ ಅದು ಇರುವುದು ಕನ್ನಡ ಅಕ್ಷರದಲ್ಲಿ. ಅರಬ್ಬಿ ಓದಲು ಬಾರದವರಿಗೆ ಅಂತ ಅಚ್ಚು ಹಾಕಿದ ಸಣ್ಣ ಪುಸ್ತಕ. ಅತ್ತೆಗೆ ಯಾವ ಅಕ್ಷರವೂ ಬರುವುದಿಲ್ಲ. ಅವರು ಕಂಡದ್ದು ಇಷ್ಟು: ಹಸಿರು ಬಟ್ಟೆ, ತಲೆಯ ಮೇಲೆ ದುಪಟ್ಟಾ, ಜಾನಮಾಜು, ಅಲುಗಾಡುವ ತುಟಿ. ಸೊಸೆ ಮಗನ ಹೆಸರಿಗೆ ಯಾಸೀನ್ ಓದುತ್ತಿದ್ದಾಳೆ. ಬೇರೆ ಏನು ಅಂದುಕೊಳ್ಳಬೇಕು ಅವರು?

ಪುಸ್ತಕವನ್ನು ಗೂಡಿನಲ್ಲಿಟ್ಟ ದಿನ ಮಧ್ಯಾಹ್ನವೇ ಅವರು ನನ್ನ ಎದುರಿಗೆ ಚಾಪೆ ಹಾಕಿಕೊಂಡು ಅಡ್ಡಾದರು. ನಾನು ಪುಟ ತಿರುವುತ್ತಿದ್ದೆ. ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿಸಿತು. ತಲೆಯೆತ್ತಿ ನೋಡಿದೆ. ಬಾಯಿ ಅರೆ ತೆರೆದು, ಒಂದು ಕೈ ಕೆನ್ನೆಯ ಕೆಳಗೆ ಇಟ್ಟು, ಅತ್ತೆ ಮಲಗಿದ್ದರು. ಎದ್ದ ಮೇಲೆ ನನ್ನ ತಲೆ ಸವರಿ, "ನಿನ್ನ ಓದು ಅವಗ ಮುಟ್ಟಾಕತ್ತೈತಿ ಬೇಟಾ. ನನಗ ಗೊತ್ತಾತು" ಅಂದರು.

ಇದಾದ ಮೇಲೆ ಹೇಗೆ ಹೇಳುವುದು?

ಮರುದಿನ ಪುಸ್ತಕ ತೆಗೆಯಬಾರದು ಅಂತಿದ್ದೆ. ಅತ್ತೆ ಚಾಪೆ ಹಾಸಿ ಕಾಯುತ್ತ ಕುಳಿತಿದ್ದರು. ತೆಗೆದೆ. ಅಂದಿನಿಂದ ಯಾಸೀನನ್ನೇ ಓದಬಹುದಿತ್ತು. ಅದೂ ಕೈಗೆಟಕುವ ಹಾಗೆ ಅಲ್ಲೇ ಇತ್ತು. ಎರಡು ದಿನ ಓದಿದೆ ಕೂಡ, ಅರ್ಧಕ್ಕೆ ಬರುವಷ್ಟರಲ್ಲಿ ಆ ರಾತ್ರಿ ನವಾಜನನ್ನು ಮಲಗಿಸಿದ್ದ ದವಾಖಾನೆಯ ಸಿಮೆಂಟಿನ ಕಟ್ಟೆ ಕಣ್ಣ ಮುಂದೆ ಬಂತು. ಸಾಜೀದನ ಅಂಗಿಗೆ ಹತ್ತಿದ ರಕ್ತ. ಎರಡು ದಿನವೂ ಅಲ್ಲಿಗೇ ನಿಲ್ಲಿಸಿ, ಹಸಿರು ಬಟ್ಟೆಯದನ್ನು ತೆಗೆದುಕೊಂಡೆ.

ಪಿಯಾನೋ ಶ್ರುತಿ ಮಾಡುವವನು ಚಳಿಯ ಊರಿನವನು. ಮನೆಯಿಂದ ಮನೆಗೆ ನಡೆದುಕೊಂಡು ಹೋಗುತ್ತಾನೆ. ಒಂದೊಂದು ಸ್ವರಕ್ಕೂ ಒಳಗೆ ಮೂರು ತಂತಿ ಇರುತ್ತವಂತೆ. ಎರಡನ್ನು ಬಟ್ಟೆ ತುರುಕಿ ಸುಮ್ಮನಾಗಿಸಿ ಒಂದನ್ನು ಸರಿ ಮಾಡಬೇಕು, ಆಮೇಲೆ ಎರಡನೆಯದನ್ನು ಬಿಟ್ಟು ಅದಕ್ಕೆ ಹೊಂದಿಸಬೇಕು. ಹೊಂದದಿದ್ದರೆ ದನಿ ಅಲೆ ಅಲೆಯಾಗಿ ನಡುಗುತ್ತದೆ. ಹೊಂದಿದಾಗ ನಡುಕ ನಿಲ್ಲುತ್ತದೆ. ಆ ನಡುಕ ನಿಲ್ಲುವ ಜಾಗವನ್ನು ಅವನು ಒಂದಿಡೀ ಪುಟ ಬರೆದಿದ್ದಾನೆ. ನಾನು ಜೀವಮಾನದಲ್ಲಿ ಪಿಯಾನೋ ಕಂಡವಳಲ್ಲ. ಆದರೂ ಕೇಳಿದಂತಾಯಿತು. ಇಳಿಹೊತ್ತಿನ ಅಸರಿನ ಬಾಂಗು ಆದಾಗ ಬೆಚ್ಚಿದೆ. ಅಷ್ಟು ಹೊತ್ತೂ ನವಾಜ ನೆನಪಾಗಿರಲಿಲ್ಲ. ಅವನು ಸತ್ತಿದ್ದಾನೆ ಅನ್ನುವುದೂ ನೆನಪಿರಲಿಲ್ಲ.

ಅವನು ಇದ್ದಾಗ ಒಮ್ಮೆ ಕೇಳಿದ್ದ. "ನೀ ಇಷ್ಟು ಓದೀದಿ. ಈ ಬಾಜಾದ ಬಗ್ಗೆನೂ ಪುಸ್ತಕ ಇರ್ತಾವಲ್ಲ, ಒಂದಾರ ಓದಿ ಹೇಳು ನನಗ." ನೋಡೋಣ ಅಂದಿದ್ದೆ.

ಅತ್ತೆ ಸುಮ್ಮನಿರುವವರಲ್ಲ. ಸೊಸೆ ದಿನಾ ಯಾಸೀನ್ ಓದುತ್ತಾಳೆ ಅಂತ ಓಣಿಯಲ್ಲೆಲ್ಲ ಹೇಳಿದರು. ಒಂದು ದಿನ ನಾನು ಓದುತ್ತ ಕುಳಿತಿದ್ದಾಗ ಪಕ್ಕದ ಮನೆಯ ಆಸಿಫಾ, ಕೂಲಿಯಿಂದ ಬಂದ ಮಾನವ್ವ, ಇಬ್ಬರೂ ಹೊಸ್ತಿಲಲ್ಲಿ ಅತ್ತೆಯ ಜೊತೆ ಕುಳಿತಿದ್ದರು. ನಾನು ಆಗ ನಡುವಿನ ಪುಸ್ತಕಕ್ಕೆ ಬಂದಿದ್ದೆ. ಬಟ್ಟೆಯನ್ನು ಅದಕ್ಕೆ ಬದಲಿಸಿದ್ದೆ. ಮುದುಕಿ ಪಿಯಾನೋ ಟೀಚರ್ ಒಬ್ಬ ದಡ್ಡ ಹುಡುಗನ ಬೆರಳ ಮೇಲೆ ನಾಣ್ಯ ಇಟ್ಟು, ಬೀಳಿಸದೆ ಬಾರಿಸು ಅನ್ನುತ್ತಾಳೆ. ಅವನು ಬಾರಿಸುವುದು ಬಿಟ್ಟು ನಾಣ್ಯವನ್ನು ಜೇಬಿಗೆ ಹಾಕಿಕೊಂಡು ಮನೆಗೆ ಹೋಗುತ್ತಾನೆ. ನನಗೆ ನಗು ಬಂತು. ಬಾಯಿಗೆ ದುಪಟ್ಟಾ ಒತ್ತಿಕೊಂಡೆ, ಭುಜ ನಡುಗಿತು.

"ನೋಡ್ರಿ, ಹ್ಯಾಂಗ ಅಳತಾಳ. ಓದಿಕೋತನ ಅಳತಾಳ" ಅಂದಳು ಆಸಿಫಾ.

"ಕರಳು ಇದ್ದಾಕಿ" ಅಂದಳು ಮಾನವ್ವ. "ನಮ್ಮ ಮನ್ಯಾಗ ನನ್ನ ಸೊಸಿ ಅದಾಳ. ನಾ ಸತ್ರ ಒಂದು ಸಾಲು ಓದೂದು ಬಿಡ್ರಿ, ಮೊಬೈಲ್ ಕೆಳಗಿಟ್ರ ಸಾಕಾಗೇತಿ."

"ನೀ ಎಲ್ಲಿ ಸಾಯ್ತಿ ಮಾನವ್ವ, ಯಮಾ ಬಂದ್ರ ಅವಗ ಕಳೆ ಕೀಳಾಕ ಹಚ್ಚತಿ" ಅಂದರು ಅತ್ತೆ. ಮೂವರೂ ನಕ್ಕರು. ಅತ್ತೆ ನಕ್ಕಿದ್ದು ಎಷ್ಟೋ ದಿನದ ಮೇಲೆ.

ಆಸಿಫಾ ಎದ್ದು ನನ್ನ ಹತ್ತಿರ ಬಂದು ಕುಕ್ಕರಗಾಲಲ್ಲಿ ಕುಳಿತಳು. ಪುಸ್ತಕ ಮುಚ್ಚಿ ಮಡಿಲಲ್ಲಿ ಇಟ್ಟುಕೊಂಡೆ.

"ಭಾಬಿ, ಒಂದು ಕೆಲಸ ಮಾಡ್ರಿ. ನಮ್ಮ ಅಬ್ಬಾಂದೂ ಒಂದು ಸೇರಿಸಿಬಿಡ್ರಿ. ನನಗ ಓದಾಕ ಪುರಸೊತ್ತಿಲ್ಲ, ಹುಡುಗೂರು ಕೂಡಾಕ ಬಿಡೂದಿಲ್ಲ. ನಿಮ್ಮ ಬಾಯಿಲೆ ಆದ್ರ ಭಾಳ ಚಲೋ."

ಅವಳ ಅಪ್ಪ ಹೋಗಿ ವರ್ಷವಾಗಿರಲಿಲ್ಲ. ನಾನು ತಲೆ ಅಲ್ಲಾಡಿಸಿದೆ. ಹೌದು ಅಂತಲೋ ಇಲ್ಲ ಅಂತಲೋ ನನಗೇ ಗೊತ್ತಿಲ್ಲ. ಅವಳು ಹೌದು ಅಂದುಕೊಂಡು ಎದ್ದು ಹೋದಳು.

ಅವಳ ಅಪ್ಪನಿಗಾದರೂ ಓದಬೇಕಿತ್ತು. ಓದಲಿಲ್ಲ. ಮರುದಿನ ಟೀಚರಿನ ಕಥೆ ಎಲ್ಲಿಗೆ ಬಂತು ಅನ್ನುವುದೇ ಬೆಳಗಿನಿಂದ ತಲೆಯಲ್ಲಿತ್ತು. ಜುಹರಿನ ನಮಾಜನ್ನು ಎಷ್ಟು ಬೇಗ ಮುಗಿಸಿದೆ ಅನ್ನುವುದನ್ನು ಬರೆಯಲಾರೆ.

ನಲವತ್ತನೆಯ ದಿನದ ಫಾತಿಹಾ ಹತ್ತಿರ ಬಂತು. ನಮ್ಮಲ್ಲಿ ಒಂದು ಪದ್ಧತಿ ಇದೆ. ಸತ್ತವರ ಹೆಸರಿಗೆ ಯಾರು ಯಾರು ಏನೇನು ಓದಿದ್ದಾರೆ ಅನ್ನುವುದನ್ನು ಕೇಳಿಕೊಂಡು ಮಸೀದಿಯ ಹಜರತರು ದುವಾದ ಪ್ರಾರ್ಥನೆಯಲ್ಲಿ ಎಲ್ಲರೆದುರು ಹೇಳುತ್ತಾರೆ. ಇಂಥವರ ಕಡೆಯಿಂದ ಇಷ್ಟು ಕುರಾನ್, ಇಂಥವರ ಕಡೆಯಿಂದ ಇಷ್ಟು ಯಾಸೀನ್, ಇದರ ಸವಾಬು, ಅಂದರೆ ಪುಣ್ಯ, ಈತನಿಗೆ ಮುಟ್ಟಲಿ ಅಂತ. ಅದನ್ನು ಕೇಳಲೆಂದೇ ಅತ್ತೆ ಕಾಯುತ್ತಿದ್ದರು. ಅಕ್ಕನಿಗೆ ತಾವೇ ಫೋನ್ ಹಚ್ಚಿಸಿಕೊಂಡು, "ಲಗೂ ಬಾ. ದುವಾದಾಗ ಇರಬೇಕು ನೀ" ಅಂದಿದ್ದರು.

ಹಿಂದಿನ ದಿನ ಸಂಜೆ ನನ್ನ ಮೈದುನ ಮುನಾವರ ಬಂದ. ನಾನು ಇದ್ದತ್ತಿನಲ್ಲಿ ಇರುವುದರಿಂದ ಪಡದೆಯ ಆಚೆಯೇ ನಿಂತು ಮಾತಾಡಿದ.

"ಅಮ್ಮಾ, ಹಜರತ್ರು ಕೇಳ್ಯಾರ. ಯಾರ್ಯಾರದು ಎಷ್ಟೆಷ್ಟು ಆಗ್ಯಾವ ಅಂತ. ಮದರಸಾದ ಹುಡುಗೂರದು ಕುರಾನ್ ಮುಗದೈತಿ. ಭಾಬಿದು ಎಷ್ಟು ಬರಸಲಿ?"

ಅತ್ತೆ ಅಕ್ಕಿ ಆರಿಸುತ್ತಿದ್ದರು. ಮರ ಕೆಳಗಿಟ್ಟು ನನ್ನ ಕಡೆ ನೋಡಿದರು. ಅವರ ಮುಖದಲ್ಲಿ ಆಗ ಇದ್ದದ್ದು ಬರೀ ಸಂತೋಷ.

"ಹೇಳು ಬೇಟಾ. ದಿನಾ ಓದೀದಿ. ಕಡಿಮಿ ಹೇಳಬ್ಯಾಡ, ದೇವರ ಕೆಲಸದಾಗ ಸಂಕೋಚ ಇರಬಾರದು."

ನಾಳೆ ಹಜರತರು ಎಲ್ಲರ ಎದುರು ಕೈಯೆತ್ತಿ ನನ್ನ ಹೆಸರು ಹೇಳುತ್ತಾರೆ. ಅಲ್ಲಾಹನಿಗೆ ಹೇಳುತ್ತಾರೆ. ಒಂದು ಸಂಖ್ಯೆ ಬಾಯಿಗೆ ಬಂತು, ಹಲ್ಲಿನವರೆಗೆ ಬಂದು ನಿಂತಿತು.

"ಅಮ್ಮಾ, ನಾ ಓದಿಲ್ಲ."

"ಏನು?"

"ಯಾಸೀನ್ ಓದಿಲ್ರಿ. ಒಂದೂ ಪೂರಾ ಆಗಿಲ್ಲ."

ಪಡದೆಯ ಆಚೆ ಮುನಾವರ ಕೆಮ್ಮಿದ. ಅತ್ತೆ ನಗುವುದೋ ಬೇಡವೋ ಅನ್ನುವ ಹಾಗೆ ನೋಡಿದರು.

"ಮತ್ತ ಆ ಪುಸ್ತಕ? ದಿನಾ ಓದತಿದ್ದಿಯಲ್ಲ?"

"ಅದು ಬೇರೆ ಪುಸ್ತಕ್ರಿ. ನಿರ್ಮಲಾ ಮೇಡಂ ಕೊಟ್ಟಿದ್ದು. ಬಾಜಾದ ಬಗ್ಗೆ ಬರದದ್ದು."

ಅತ್ತೆ ತಮ್ಮ ಎರಡೂ ಕೈಗಳನ್ನು ನೋಡಿಕೊಂಡರು.

"ನಾ ಅದನ್ನ ಕಣ್ಣಿಗೆ ಒತ್ಕೊಂಡೀನಿ."

"ಹೌದ್ರಿ."

"ಕುರಾನಿನ ಬಾಜೂಕ ಇಟ್ಟೀನಿ."

"ನಾ ತಗದಿಟ್ಟೆ ಅಮ್ಮಾ. ಅವತ್ತೇ ತಗದಿಟ್ಟೆ."

"ನೋಡಿ ಸುಮ್ಮನಿದ್ದಿ."

ನಿಮಗೆ ನಿದ್ದೆ ಹತ್ತುತ್ತಿತ್ತು, ಅದಕ್ಕೆ ಹೇಳಲಿಲ್ಲ ಅನ್ನಬಹುದಿತ್ತು. ಅದು ಅರ್ಧ ಖರೆ. ಇನ್ನರ್ಧವನ್ನು ಅವರೇ ಕೇಳಿದರು.

"ಅದನ್ನ ಓದೂವಾಗ ಅಂವಾ ನೆನಪಾಗತಿದ್ದನೇನು? ಬಾಜಾದ್ದು ಅಂತೀದಿ. ಅವನ ಸಲುವಾಗಿ ಓದಿದೇನು?"

ಹೌದು ಅಂದಿದ್ದರೆ ಇಬ್ಬರಿಗೂ ಹಗುರಾಗುತ್ತಿತ್ತು.

"ಇಲ್ಲ" ಅಂದೆ. "ಮರ್ತಿರ್ತಿದ್ದೆ. ಅದಕ್ಕ ಓದತಿದ್ದೆ."

"ಎಷ್ಟೊತ್ತು ಮರೀತಿದ್ದಿ?"

"ಅಸರಿನ ಬಾಂಗು ಆಗೂತನಕ."

ಅವರು ಬೈಯುತ್ತಾರೆ ಅಂದುಕೊಂಡೆ. ಬೈಯಲಿ ಅಂತಲೂ ಇತ್ತು. ಅವರು ಮರವನ್ನು ಮತ್ತೆ ಮಡಿಲಿಗೆ ಎಳೆದುಕೊಂಡು, ಅಕ್ಕಿಯಲ್ಲಿ ಬೆರಳಾಡಿಸುತ್ತ, "ಅಷ್ಟೊತ್ತು" ಅಂದರು. ಆಮೇಲೆ ಪಡದೆಯ ಕಡೆ ತಿರುಗಿ, "ಮುನಾವರ, ನಿನ್ನ ಭಾಬಿದು ಲೆಕ್ಕಕ್ಕ ಹಿಡೀಬ್ಯಾಡ. ಉಳಿದಾವ್ರದು ಹೇಳು" ಅಂದರು.

ಮರುದಿನ ಹೆಂಗಸರು ಒಳಗಿನ ಕೋಣೆಯಲ್ಲಿ ತುಂಬಿದ್ದರು. ಹೊರಗೆ ಹಜರತರ ದುವಾ ಸ್ಪೀಕರಿನಲ್ಲಿ ಸ್ಪಷ್ಟವಾಗಿ ಕೇಳುತ್ತಿತ್ತು. ಮದರಸಾದ ಹುಡುಗರ ಹೆಸರು ಬಂತು. ಮುನಾವರನ ಹೆಸರು ಬಂತು. ಸಾಜೀದನ ಹೆಂಡತಿಯ ಹೆಸರು ಬಂತು, ಅವಳು ಹನ್ನೊಂದು ಯಾಸೀನ್ ಓದಿದ್ದಳಂತೆ. ನನ್ನ ಹೆಸರು ಬರಲಿಲ್ಲ. ನರಗುಂದದ ಅಕ್ಕ ಕೈಯೆತ್ತಿಕೊಂಡೇ ತಲೆ ತಿರುಗಿಸಿ ನನ್ನನ್ನು ನೋಡಿದರು, ಆಮೇಲೆ ಅತ್ತೆಯನ್ನು. ಅತ್ತೆ ಕಣ್ಣು ಮುಚ್ಚಿ ಆಮೀನ್ ಅಂದರು.

ಊಟಕ್ಕೆ ಕುಳಿತಾಗ ಆಸಿಫಾಗೆ ತಡೆಯಲಾಗಲಿಲ್ಲ.

"ಭಾಬಿದು ಹೇಳೂದ ಬಿಟ್ಟಾರಲ್ಲ ಹಜರತ್ರು! ಮತ್ತ ನಮ್ಮ ಅಬ್ಬಾಂದು?"

"ನಿಮ್ಮ ಅಬ್ಬಾಗ ಓದಿಲ್ಲ, ಆಸಿಫಾ" ಅಂದೆ. "ಮಾಫ್ ಮಾಡು."

ಅವಳ ಮುಖ ಸಣ್ಣದಾಯಿತು. ತಾಟಿನಲ್ಲಿದ್ದ ಬಿರಿಯಾನಿಯನ್ನು ಸುಮ್ಮನೆ ಕಲಸಿದಳು. ಅಕ್ಕ ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಆಸಿಫಾಳ ತಾಟಿಗೆ ಇನ್ನೊಂದು ಚಮಚ ಬಡಿಸಿ, "ನಿಮ್ಮಪ್ಪಗ ನೀನ ಓದವಾ. ಬಾಯಿ ಇಲ್ಲೇನು ನಿನಗ? ಓಣಿಗೆಲ್ಲಾ ಕೇಳೂವಂಗ ಐತಲ್ಲ" ಅಂದರು. ಅಕ್ಕನಿಗೂ ಒಂದು ಚಮಚ ಹಾಕಿದರು. ಮಾತು ಬೇರೆ ಕಡೆ ಹೋಯಿತು. ನನ್ನ ಕಡೆ ಅವರು ನೋಡಲಿಲ್ಲ, ನನ್ನ ತಾಟಿಗೆ ಬಡಿಸಲೂ ಇಲ್ಲ.

ಆಮೇಲೆ ಅವರು ಮತ್ತೆ ನಿದ್ದೆ ಮಾಡುವುದನ್ನು ಬಿಟ್ಟರು. ನಾನು ಪುಸ್ತಕಗಳನ್ನು ಕೈಚೀಲಕ್ಕೆ ಹಾಕಿ ಬಾಗಿಲ ಹಿಂದೆ ತೂಗುಹಾಕಿದೆ. ದಪ್ಪನೆಯದನ್ನು ತೆರೆದೂ ಇರಲಿಲ್ಲ. ಮಧ್ಯಾಹ್ನ ನಮಾಜು ಮುಗಿಸಿ ಯಾಸೀನ್ ಹಿಡಿದು ಕೂರುತ್ತಿದ್ದೆ. ಅತ್ತೆ ಎದುರಿಗೆ ಚಾಪೆ ಹಾಸುತ್ತಿರಲಿಲ್ಲ. ಹಿತ್ತಲ ಕಟ್ಟೆಯ ಮೇಲೆ, ಗುಡ್ಡದ ಮೇಲೆ ಕರೆಂಟು ಮಾಡುವ ಗಾಳಿ ಫ್ಯಾನುಗಳ ಕಡೆ ಮುಖ ಮಾಡಿ ಕೂರುತ್ತಿದ್ದರು. ಕಣ್ಣಿನ ಕೆಳಗೆ ಕಪ್ಪಾಗಿತ್ತು. ಅದನ್ನು ಮಾಡಿದವರು ಅಕ್ಕ ಒಬ್ಬರೇ ಅಲ್ಲ.

ಒಂದು ವಾರ ಹೋಗಿರಬೇಕು. ಯಾಸೀನ್ ಅರ್ಧಕ್ಕೆ ಬಂದಿತ್ತು. ಹಿತ್ತಲಿನಿಂದ ಕೇಳಿದರು:

"ಯಾವುದದು?"

"ಯಾಸೀನ್ರಿ."

"ದನಿ ತಗದು ಓದು. ಹ್ಯಾಂಗ ನಂಬಲಿ ನಾ?"

ದನಿ ತೆಗೆದು ಓದಿದೆ. ದವಾಖಾನೆಯ ಕಟ್ಟೆಯ ಸಿಮೆಂಟು, ಅಂಗಿಯ ರಕ್ತ, ಎಲ್ಲ ಬಂದವು. ನಿಲ್ಲಿಸಲಿಲ್ಲ. ಮುಗಿಸಿ, ಇದರ ಸವಾಬು ನವಾಜನಿಗೆ ಮುಟ್ಟಲಿ ಅಂತ ಗಟ್ಟಿಯಾಗಿಯೇ ಹೇಳಿದೆ. ಆಸಿಫಾಳ ಅಪ್ಪನಿಗೂ ಅಂದೆ. ತಲೆಯೆತ್ತಿದರೆ ಅತ್ತೆ ಬಾಗಿಲಲ್ಲಿ ಚಾಪೆ ಹಿಡಿದು ನಿಂತಿದ್ದರು. ಒಳಗೆ ಬಂದು ಹಾಸಿ, ಅಡ್ಡಾಗಿ, ಕೈಯನ್ನು ಕಣ್ಣಿನ ಮೇಲಿಟ್ಟುಕೊಂಡರು.

"ಈಗ ಆ ಇನ್ನೊಂದು ತಗಿ."

"ಅದು ಬಾಜಾದ್ದು, ಅಮ್ಮಾ."

"ಗೊತ್ತೈತಿ. ಜಾನಮಾಜು ಬಿಟ್ಟು ಈ ಕಡೆ ಕುಂತು ಓದು. ನನಗ ಅಕ್ಷರ ಬರೂದಿಲ್ಲ. ನೀ ಒಬ್ಬಾಕೀನ ಮರೀಬೇಕೇನು?"

ಹಸಿರು ಬಟ್ಟೆ ತೆಗೆದು ತೆಳ್ಳಗಿನದನ್ನು ಮೊದಲಿನಿಂದ ಶುರು ಮಾಡಿದೆ. ಗಟ್ಟಿಯಾಗಿ ಓದುವಾಗ ಅದು ನನ್ನ ಪುಸ್ತಕವಾಗಿರಲಿಲ್ಲ. ಪ್ರತಿ ಸಾಲಿಗೂ ಅತ್ತೆಯ ಪ್ರಶ್ನೆ. ಚಳಿ ಊರು ಅಂದರೆ ಎಷ್ಟು ಚಳಿ? ಮನೆ ಮನೆಗೆ ಹೋದರೆ ಅವನಿಗೆ ಊಟ ಯಾರು ಹಾಕುತ್ತಾರೆ? ಅವನ ತಾಯಿ ಇದ್ದಾಳಾ? ನಾನು ಗೊತ್ತಿದ್ದದ್ದನ್ನು ಹೇಳುತ್ತ ಹೋದೆ. ಅತ್ತೆ ಏನನ್ನೂ ಮರೆಯುತ್ತಿರಲಿಲ್ಲ. ನನಗೂ ಮರೆಯಲು ಬಿಡುತ್ತಿರಲಿಲ್ಲ.

ಶ್ರುತಿ ಮಾಡುವವನು ಒಂದು ಮನೆಗೆ ಹೋಗುತ್ತಾನೆ. ಮುಚ್ಚಳ ತೆರೆಯುವ ಮೊದಲು, ಒಂದು ಮನೆಯನ್ನೂ ಬಿಡದೆ, ಪಿಯಾನೋದ ಕಟ್ಟಿಗೆಯ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಾನೆ.

"ತಡಿ" ಅಂದರು ಅತ್ತೆ. ಕಣ್ಣಿನ ಮೇಲಿನ ಕೈ ತೆಗೆಯಲಿಲ್ಲ. "ನಮ್ಮ ನವಾಜನೂ ಹಂಗ ಮಾಡತಿದ್ದನೇನು? ಬಾರಿಸೂದಕ್ಕ ಮೊದಲು?"

ಅವನು ಬಾರಿಸಲು ಕುಳಿತಾಗ ನಾನು ಅಡುಗೆಮನೆಯಲ್ಲಿರುತ್ತಿದ್ದೆ. ಸದ್ದು ಹೆಚ್ಚಾಗುತ್ತದೆ ಅಂತ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದೆ. ಲಗ್ನವಾದ ಎರಡು ವರ್ಷದಲ್ಲಿ ಒಮ್ಮೆಯೂ ಅವನ ಕೈ ನೋಡಿದವಳಲ್ಲ.

"ಮಾಡತಿದ್ರು, ಅಮ್ಮಾ" ಅಂದೆ. "ದಿನಾ ಮಾಡತಿದ್ರು."

"ಬಿಸ್ಮಿಲ್ಲಾ ಅಂತಿರಬೇಕು ಆಗ."

"ಅಂತಿದ್ರು."

ಅತ್ತೆ ಗೋಡೆಯ ಕಡೆ ಹೊರಳಿ ಮಲಗಿದರು. ಉಸಿರು ನಿಧಾನವಾಗುತ್ತ ಬಂತು. ನಾನು ಮುಂದಿನ ಸಾಲು ಓದಿದೆ.